ಹೊರೆ ಹೊತ್ತವರಿಗೆ ದಾರಿ

(ಬೆಳ್ಳಿಹಬ್ಬದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬ ಅಂದಮೇಲೆ ಹಾಲು, ಫ್ಯಾಟು, ಬಟವಾಡೆ, ಪಶು ಆಹಾರದ ವಿಚಾರ ಮಾತಾಡೋರು ಬೇಕಾದಷ್ಟು ಜನ ಇದ್ದಾರೆ. ಅಧ್ಯಕ್ಷರು ನನಗೆ ಕೊಟ್ಟಿರುವುದು ರಸ್ತೆಯ ವಿಚಾರ. ಸೈಕಲ್ಲಿನವರೂ ಮೋಟಾರಿನವರೂ ಒಂದೇ ರಸ್ತೆಯಲ್ಲಿ ಹೇಗೆ ಹೋಗಬೇಕು ಅನ್ನುವುದರ ಬಗ್ಗೆ ನಾಲ್ಕು ಮಾತು ಹೇಳಿ ಅಂದರು. ನಾನು ಓದಿರುವುದು ಎಸ್.ಎಸ್.ಎಲ್.ಸಿ.; ಕಾನೂನು ಪಂಡಿತನಲ್ಲ. ಆದರೆ ಈ ರಸ್ತೆಯಲ್ಲಿ ಸೈಕಲ್ಲು, ಎತ್ತಿನ ಗಾಡಿ, ಟ್ರ್ಯಾಕ್ಟರು, ಮೋಟಾರ್ ಬೈಕು ಎಲ್ಲವನ್ನೂ ಓಡಿಸಿದವನು. ಆ ಧೈರ್ಯದ ಮೇಲೆ ಒಪ್ಪಿಕೊಂಡೆ.

ಇದಕ್ಕೂ ಡೈರಿಗೂ ಏನು ಸಂಬಂಧ ಅಂತ ಕೆಲವರಿಗೆ ಅನಿಸಬಹುದು. ಸಂಘ ಶುರುವಾದ ದಿವಸಗಳನ್ನು ಒಂದು ಸಲ ನೆನೆಸಿಕೊಳ್ಳಿ. ಆಗ ಡೈರಿ ಬಾಗಿಲಲ್ಲಿ ಬೆಳಿಗ್ಗೆ ಆರು ಗಂಟೆಗೆ ಸಾಲಾಗಿ ನಿಲ್ಲುತ್ತಿದ್ದದ್ದು ಸೈಕಲ್ಲು. ಕ್ಯಾರಿಯರಿಗೆ ಹಳೇ ಟ್ಯೂಬು ಸುತ್ತಿ ಎರಡು ಕಡೆ ಕ್ಯಾನು ಕಟ್ಟಿಕೊಂಡು ದೊಡ್ಡಿಯಿಂದ, ತೋಟದ ಮನೆಗಳಿಂದ ತುಳಿದುಕೊಂಡು ಬರೋರು. ಈಗ ಅದೇ ಜಾಗದಲ್ಲಿ ಸ್ಕೂಟರು, ಬೈಕು, ಮೊಪೆಡ್ಡು, ಲಗೇಜು ಆಟೋ. ಕೆಲವರದ್ದು ಕಾರೂ ಉಂಟು, ಸಂತೋಷ. ಅದರಲ್ಲಿ ಹಾಲಿನ ದುಡ್ಡಿನ ಪಾಲೂ ಇದೆ. ಆದರೆ ಸೈಕಲ್ಲು ಹೋಗಿಲ್ಲ. ಲೈಸೆನ್ಸು ಇಲ್ಲದ ವಯಸ್ಸಾದವರು, ಪೆಟ್ರೋಲಿನ ಖರ್ಚು ಲೆಕ್ಕ ಹಾಕುವವರು, ಶಾಲೆಗೆ ಹೋಗುವ ಮಕ್ಕಳು ಇವತ್ತೂ ಅದನ್ನೇ ತುಳಿಯುತ್ತಾರೆ. ಸರ್ಕಾರದವರು 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ಲು ಕೊಡುತ್ತಿದ್ದರು. ಕೊರೊನಾ ಬಂದ ಮೇಲೆ ಅದು ನಿಂತಿತು. ಆಗ ಕೊಟ್ಟ ಸೈಕಲ್ಲುಗಳು ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಬಂದು ಇನ್ನೂ ಓಡುತ್ತಿವೆ. ಕೆಲವಕ್ಕೆ ಬ್ರೇಕು ಇದೆ, ಕೆಲವಕ್ಕೆ ಕಾಲೇ ಬ್ರೇಕು!

ಹೋದ ಮಳೆಗಾಲದ ಒಂದು ಸಂಗತಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನಮ್ಮ ಸಂಘದ ಹಿರಿಯ ಉತ್ಪಾದಕರೊಬ್ಬರು ಸಂಜೆ ಹಾಲು ತರುತ್ತಿದ್ದರು. ಸೋನೆ ಮಳೆ. ಹಿಂದಿನಿಂದ ಒಂದು ಕಾರು ಬಂತು. ಕಾರಿನವರು ದೂರದಿಂದ ಹಾರ್ನ್ ಮಾಡಲಿಲ್ಲ, ತೀರಾ ಹತ್ತಿರ ಬಂದು ಒತ್ತಿದರು, ಒತ್ತಿದ್ದನ್ನು ಬಿಡಲೂ ಇಲ್ಲ. ಇವರು ಬೆಚ್ಚಿಬಿದ್ದು ಹ್ಯಾಂಡಲನ್ನು ಎಡಕ್ಕೆ ಎಳೆದರು. ಮುಂದಿನ ಚಕ್ರ ಡಾಂಬರಿನ ಅಂಚಿನಿಂದ ಕೆಳಕ್ಕೆ ಇಳಿಯಿತು. ಕ್ಯಾನಿನ ಭಾರ ಒಂದು ಕಡೆಗೆ ವಾಲಿತು, ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಹಾಲು ಚರಂಡಿ ಪಾಲಾಯಿತು.

ಆ ಕಾರಿನವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ನಿಲ್ಲಿಸಿದರು, ಇಳಿದರು, ಎತ್ತಿ ಕೂರಿಸಿ ನೀರು ಕೊಟ್ಟರು. "ಯಜಮಾನ್ರೇ, ನಾನು ಮುಟ್ಟಲೇ ಇಲ್ಲವಲ್ಲ" ಅಂದರು. ಅದು ನಿಜ. ಕಾರಿಗೂ ಸೈಕಲ್ಲಿಗೂ ಒಂದು ಗೀರು ಕೂಡ ತಾಗಿರಲಿಲ್ಲ. ಯಾವ ಠಾಣೆಯಲ್ಲಿ ಏನೆಂದು ಬರೆಸುವುದು? ಎರಡು ತಿಂಗಳು ಅವರು ಹಾಲು ಕರೆಯಲಿಲ್ಲ. ಹಸುಗಳ ವಿಷಯ ನಿಮಗೆ ಗೊತ್ತೇ ಇದೆ. ಒಂದು ಕೈಗೆ ಒಗ್ಗಿದ ಹಸು ಬೇರೆ ಕೈಗೆ ಸೊರೆ ಬಿಡುವುದಿಲ್ಲ. ಒಂದು ಹಸು ಪೂರ್ತಿ ಹಾಲು ಇಳಿಸದೆ ಕೆಚ್ಚಲು ಬಾವು ಬಂತು. ಕೊನೆಗೆ ಅದನ್ನು ಮಾರಿದರು. ಒಂದು ಹಾರ್ನಿನ ಬೆಲೆ ಒಂದು ಹಸು. ಸಂಘದ ಪುಸ್ತಕದಲ್ಲಿ ಅವರ ಲೆಕ್ಕ ಎಷ್ಟಕ್ಕೆ ಇಳಿಯಿತು ಅಂತ ಕಾರ್ಯದರ್ಶಿಯವರು ತೋರಿಸಿದಾಗ ನನಗೆ ಬೇಜಾರಾಯಿತು.

ಕಾನೂನು ಮುಟ್ಟದ ಇಂಥ ಕಡೆಯಲ್ಲೇ ಮರ್ಯಾದೆ ಕೆಲಸ ಮಾಡಬೇಕು. ಮರ್ಯಾದೆ ಅಂದರೆ ಪೇಟೆಯವರ ಹಾಗೆ ಸಾರಿ, ಥ್ಯಾಂಕ್ಸ್ ಹೇಳುವುದು ಅಂತ ತಿಳಿಯಬೇಡಿ. ನಮ್ಮ ಹಳ್ಳಿಯಲ್ಲಿ ದಾರಿಯ ಮರ್ಯಾದೆ ಮೊದಲಿನಿಂದಲೂ ಇತ್ತು. ಓಣಿಯಲ್ಲಿ ಹೆಂಗಸರು ತುಂಬಿದ ಕೊಡ ಹೊತ್ತು ಬಂದರೆ ಎಂಥ ಗೌಡನಾದರೂ ಪಕ್ಕಕ್ಕೆ ನಿಲ್ಲಬೇಕು. ಹುಲ್ಲಿನ ಹೊರೆ ಹೊತ್ತವರು ಎದುರಾದರೆ ಬರಿಗೈಯವರು ಬದುವಿನಿಂದ ಗದ್ದೆಗೆ ಇಳಿಯಬೇಕು. ಬಂಡಿದಾರಿಯಲ್ಲಿ ಹೇರಿನ ಗಾಡಿ ಬಂದರೆ ಬರಿಗಾಡಿಯವನು ಎತ್ತು ಪಕ್ಕಕ್ಕೆ ಎಳೆದು ನಿಲ್ಲಿಸಬೇಕು. ಇದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಯಾರೂ ದಂಡ ಹಾಕುತ್ತಿರಲಿಲ್ಲ. ಯಾರಿಗೆ ಸರಿಯುವುದು ಸುಲಭವೋ ಅವರು ಸರಿಯಬೇಕು ಅನ್ನುವುದು ಅದರ ಒಳಗಿನ ಲೆಕ್ಕ. ಡಾಂಬರು ಬಿದ್ದ ಮೇಲೆ ಈ ಲೆಕ್ಕ ತಲೆಕೆಳಗಾಗಿದೆ. ಈಗ ಯಾರ ಹಾರ್ನು ಜೋರೋ ಅವರಿಗೆ ದಾರಿ.

ನಲವತ್ತು ಲೀಟರು ಹಾಲು ಕಟ್ಟಿಕೊಂಡವರ ಸೈಕಲ್ಲಿನ ಮೇಲೆ ಕ್ಯಾನಿನ ತೂಕ ಬಿಟ್ಟು ನಲವತ್ತೊಂದು ಕೆ.ಜಿ. ಭಾರ ಇರುತ್ತದೆ. ಹಾಲು ನೀರಿಗಿಂತ ಸ್ವಲ್ಪ ತೂಕ ಅಂತ ಲ್ಯಾಕ್ಟೋಮೀಟರು ನೋಡುವ ನಿಮಗೆ ಹೇಳಬೇಕಾಗಿಲ್ಲ. ಅದು ಕ್ಯಾನಿನ ಒಳಗೆ ತುಳುಕುತ್ತಲೂ ಇರುತ್ತದೆ. ಅವರು ತಟ್ಟನೆ ಪಕ್ಕಕ್ಕೆ ಹೋಗಲು ಆಗುವುದಿಲ್ಲ, ತಟ್ಟನೆ ನಿಲ್ಲಿಸಲೂ ಆಗುವುದಿಲ್ಲ. ಹೊರೆ ಹೊತ್ತವರು ಅಂದರೆ ಇವರೇ ಅಲ್ಲವೇ?

"ಮಣ್ಣಿಗೆ ಇಳಿದು ಹೋಗಬಾರದೇನಪ್ಪಾ" ಅಂತ ಕಾರಿನಲ್ಲಿ ಕೂತವರು ಹೇಳುತ್ತಾರೆ. ಆ ಮಣ್ಣನ್ನು ಒಂದು ಸಲ ಇಳಿದು ನೋಡಿ. ವರ್ಷ ವರ್ಷ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎದ್ದಿದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿ ತಗ್ಗಾಗಿದೆ. ಕೆಲವು ಕಡೆ ಅರ್ಧ ಅಡಿ ವ್ಯತ್ಯಾಸ. ಸೈಕಲ್ಲಿನ ಸಣ್ಣ ಚಕ್ರ ಆ ಅಂಚಿನಿಂದ ಇಳಿದರೆ ಬೀಳುವುದೇ. ಇಳಿದವರು ಹತ್ತುವಾಗ ಮತ್ತೆ ಬೀಳುತ್ತಾರೆ.

ಇನ್ನು ಅಗಲದ ಲೆಕ್ಕ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳಿ. ಹಳ್ಳಿ ಕಡೆ ಒಂಟಿ ಸಾಲಿನ ಡಾಂಬರು ರಸ್ತೆಯ ಅಗಲ ಸಾಮಾನ್ಯವಾಗಿ 3.75 ಮೀಟರು, ಅಂದರೆ ಹನ್ನೆರಡು ಅಡಿ ಚಿಲ್ಲರೆ. ಕಾರಿಗೆ ಸುಮಾರು ಆರು ಅಡಿ ಬೇಕು. ಎರಡು ಕಡೆ ಕ್ಯಾನು ಕಟ್ಟಿದ ಸೈಕಲ್ಲಿಗೆ ಮೂರು ಅಡಿ. ಮಿಕ್ಕಿದ್ದು ಮೂರು ಅಡಿ. ಅದೂ ಕಾರು ಬಲ ಅಂಚಿಗೆ, ಸೈಕಲ್ಲು ಎಡ ಅಂಚಿಗೆ ಅಂಟಿಕೊಂಡು ಹೋದರೆ! ಇಂಗ್ಲೆಂಡಿನಲ್ಲಿ 2022ರ ಜನವರಿಯಲ್ಲಿ ಅವರ ರಸ್ತೆ ನಿಯಮಾವಳಿ ತಿದ್ದುಪಡಿ ಮಾಡಿ, ಸೈಕಲ್ಲನ್ನು ದಾಟುವಾಗ ಕಡಿಮೆ ಅಂದರೂ ಒಂದೂವರೆ ಮೀಟರು ಜಾಗ ಬಿಡಬೇಕು, ವೇಗ ಹೆಚ್ಚಿದ್ದರೆ ಇನ್ನೂ ಹೆಚ್ಚು ಬಿಡಬೇಕು ಅಂತ ಬರೆದರು. ಒಂದೂವರೆ ಮೀಟರು ಅಂದರೆ ಐದು ಅಡಿ. ನಮ್ಮ ರಸ್ತೆಯಲ್ಲಿ ಅಷ್ಟು ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಎರಡೇ ದಾರಿ. ಒಂದು, ಕಾರಿನವರು ತಮ್ಮ ಬಲಗಡೆ ಚಕ್ರಗಳನ್ನು ನಿಧಾನವಾಗಿ ಮಣ್ಣಿಗೆ ಇಳಿಸುವುದು. ಅವರದ್ದು ನಾಲ್ಕು ಚಕ್ರ, ನಿಧಾನಕ್ಕೆ ಇಳಿಸಿದರೆ ಬೀಳುವುದಿಲ್ಲ. ಇನ್ನೊಂದು, ಜಾಗ ಸಿಗುವ ತನಕ ಹಿಂದೆ ಹೋಗುವುದು.

ಹಿಂದೆ ಹೋದರೆ ಎಷ್ಟು ಹೊತ್ತು ಹಾಳು? ಸೈಕಲ್ಲು ಗಂಟೆಗೆ 12 ಕಿ.ಮೀ. ಹೋದರೆ ನೂರು ಮೀಟರು ದಾಟಲು 30 ಸೆಕೆಂಡು. ನೀವು 40ರಲ್ಲಿ ಹೋದರೆ 9 ಸೆಕೆಂಡು. ನಷ್ಟ 21 ಸೆಕೆಂಡು. ಡೈರಿಯಲ್ಲಿ ಸ್ಯಾಂಪಲ್ ಕೊಟ್ಟು ಚೀಟಿ ಬರುವ ತನಕ ಇದಕ್ಕಿಂತ ಹೆಚ್ಚು ಹೊತ್ತು ಹರಟೆ ಹೊಡೆಯುತ್ತೇವೆ. ಅಲ್ಲಿ ಇಲ್ಲದ ಅವಸರ ರಸ್ತೆಗೆ ಬಂದ ಕೂಡಲೇ ಎಲ್ಲಿಂದ ಬರುತ್ತದೋ ನನಗಂತೂ ತಿಳಿಯದು.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರು ಹೋಗುತ್ತದೆ. ಮೂರು ಎತ್ತಿನ ಗಾಡಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ಅದೇ ಸೆಕೆಂಡಿನಲ್ಲಿ ಸೈಕಲ್ಲು ಎರಡು ಮಾರು ಹೋಗುತ್ತದೆ. ಎದುರಿಗೆ ಏನೋ ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ಬ್ರೇಕು ಹಿಡಿಯುವುದು ಆಮೇಲಿನ ಮಾತು. ವೇಗ ಎರಡರಷ್ಟಾದರೆ ಗುದ್ದಿನ ಪೆಟ್ಟು ನಾಲ್ಕರಷ್ಟು ಆಗುತ್ತದೆ ಅಂತ ವಿಜ್ಞಾನದ ಮೇಷ್ಟರು ಇಲ್ಲೇ ಕೂತಿದ್ದಾರೆ, ಅವರು ವಿವರಿಸಬಲ್ಲರು. ಕೇಂದ್ರ ಸರ್ಕಾರದ ಸಾರಿಗೆ ಇಲಾಖೆ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎರಡು ಚಕ್ರದವರು, ನಡೆದು ಹೋಗುವವರು. ತಗಡಿನ ರಕ್ಷಣೆ ಇಲ್ಲದವರು.

ಕಾನೂನು ಸುಮ್ಮನೆ ಇದೆ ಅಂತಲೂ ಅಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ನಡೆದು ಹೋಗುವವರು, ಸೈಕಲ್ಲಿನವರು, ಮಕ್ಕಳು, ವಯಸ್ಸಾದವರು, ಅಂಗವಿಕಲರು, ಇವರ ಬಗ್ಗೆ ಗಾಡಿ ಓಡಿಸುವವರು ವಿಶೇಷ ಎಚ್ಚರಿಕೆ ವಹಿಸಬೇಕು ಅಂತ ಬರೆದಿದೆ. 2019ರ ತಿದ್ದುಪಡಿಯಲ್ಲಿ ಬೇಕಿಲ್ಲದೆ ಹಾರ್ನ್ ಒತ್ತಿದರೆ ಮೊದಲ ಸಲ ಸಾವಿರ ರೂಪಾಯಿ ದಂಡ ಅಂತ ಮಾಡಿದ್ದಾರೆ. ನಮ್ಮ ಕಡೆ ಆ ದಂಡ ಕಟ್ಟಿದವರನ್ನು ನಾನು ಕಂಡಿಲ್ಲ. ಹಾರ್ನ್ ಮಾಡಲೇಬೇಡಿ ಅಂತ ನಾನು ಹೇಳುವುದಿಲ್ಲ. ದೂರದಲ್ಲಿರುವಾಗಲೇ ಒಂದು ಸಲ, ಮೆತ್ತಗೆ. ಸೈಕಲ್ಲಿನವರು ತಿರುಗಿ ನೋಡಿದರೋ, ಸರಿಯುತ್ತಿದ್ದಾರೋ ಅಂತ ನೋಡಿ ಆಮೇಲೆ ದಾಟಿ. ಕಿವಿ ಕೇಳಿಸದವರೂ ಸೈಕಲ್ಲು ತುಳಿಯುತ್ತಾರೆ ಅನ್ನುವುದು ನೆನಪಿರಲಿ.

ರಾತ್ರಿ ಹೊತ್ತು ಇನ್ನೊಂದು ಕಾಟ ಹೆಡ್‌ಲೈಟು. ಈಗಿನ ಎಲ್.ಇ.ಡಿ. ದೀಪಗಳ ಬೆಳಕು ಎದುರಿನವರ ಕಣ್ಣಿಗೆ ಚುಚ್ಚಿದ ಹಾಗೆ ಹೊಡೆಯುತ್ತದೆ. ಕಾರಿಗೆ ಕಾರು ಎದುರಾದರೆ ಡಿಮ್ ಮಾಡುತ್ತಾರೆ, ಸೈಕಲ್ಲು ಎದುರಾದರೆ ಮಾಡುವುದಿಲ್ಲ. ಸೈಕಲ್ಲಿನವರಿಗೆ ಕಣ್ಣಿಲ್ಲವೇ? ಅವರಿಗೆ ಆಮೇಲೆ ಹತ್ತು ಮಾರು ದಾರಿ ಕಾಣುವುದೇ ಇಲ್ಲ. ಹಳ್ಳಕ್ಕೆ ಹೋಗುವುದು ಆಗಲೇ. ಹಾಗೆಯೇ ನಿಂತ ಕಾರಿನ ಬಾಗಿಲು. ಹಿಂದೆ ನೋಡದೆ ತೆಗೆದರೆ ಸೈಕಲ್ಲಿನವರ ಎದೆಗೇ ಬಡಿಯುತ್ತದೆ. ಸೈಕಲ್ಲು ಜಾಸ್ತಿ ಇರುವ ಹಾಲೆಂಡ್ ದೇಶದಲ್ಲಿ ಬಾಗಿಲ ಹತ್ತಿರದ ಕೈ ಬಿಟ್ಟು ಆಚೆ ಕೈಯಿಂದ ಬಾಗಿಲು ತೆಗೆಯುವ ರೂಢಿಯನ್ನು ಕಲಿಸುತ್ತಾರಂತೆ. ನಮ್ಮಲ್ಲಿ ಡ್ರೈವರು ಬಲಗಡೆ ಕೂರುತ್ತಾರೆ, ಆದ್ದರಿಂದ ಎಡಗೈಯಿಂದ ತೆಗೆಯಬೇಕು. ಹಾಗೆ ತೆಗೆದರೆ ಮೈ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಖರ್ಚಿಲ್ಲದ ಉಪಾಯ, ಇವತ್ತೇ ಮನೆಗೆ ಹೋಗಿ ಮಾಡಿ ನೋಡಿ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಿನವರು ಮುಖ ಗಂಟಿಕ್ಕಿಕೊಂಡಿದ್ದಾರೆ, ಸೈಕಲ್ಲಿನವರು ನಗುತ್ತಿದ್ದಾರೆ. ಸ್ವಲ್ಪ ತಾಳಿ, ನಿಮ್ಮ ಸರದಿಯೂ ಇದೆ.

ಶಾಲೆ ಬಿಟ್ಟಾಗ ನಾಲ್ಕು ನಾಲ್ಕು ಜನ ಹೆಗಲ ಮೇಲೆ ಕೈ ಹಾಕಿಕೊಂಡು ರಸ್ತೆ ತುಂಬ ಸೈಕಲ್ಲು ಬಿಡುವುದು ಯಾವ ಮರ್ಯಾದೆ? ಒಬ್ಬರ ಹಿಂದೆ ಒಬ್ಬರು ಹೋದರೆ ಮಾತು ನಿಂತುಹೋಗುವುದಿಲ್ಲ, ಮನೆಗೆ ಹೋಗಿ ಆಡಬಹುದು. ಕಿವಿಗೆ ಇಯರ್‌ಫೋನು ಹಾಕಿಕೊಂಡವರಿಗೆ ಹಿಂದೆ ಲಾರಿ ಬಂದರೂ ತಿಳಿಯುವುದಿಲ್ಲ. ತೋಟದ ದಾರಿಗೆ ಬಲಕ್ಕೆ ತಿರುಗುವವರು ಹಿಂದೆ ನೋಡುವುದೂ ಇಲ್ಲ, ಕೈ ತೋರಿಸುವುದೂ ಇಲ್ಲ, ಸೀದಾ ತಿರುಗಿಸಿಬಿಡುತ್ತಾರೆ. ಸೈಕಲ್ಲಿಗೆ ಇಂಡಿಕೇಟರ್ ಇಲ್ಲ ನಿಜ, ಆದರೆ ದೇವರು ಕೈ ಕೊಟ್ಟಿದ್ದಾನೆ. ಸೋಗೆ ಹೊರೆಯನ್ನು ಅಡ್ಡಡ್ಡ ಕಟ್ಟಿಕೊಂಡು ಹೋಗುವವರು ಅರ್ಧ ರಸ್ತೆಯನ್ನು ಗುಡಿಸಿಕೊಂಡೇ ಹೋಗುತ್ತಾರೆ. ಉದ್ದುದ್ದ ಕಟ್ಟಿದರೆ ಏನು ನಷ್ಟ?

ಎಲ್ಲಕ್ಕಿಂತ ಮುಖ್ಯ, ಕಾಣಿಸಿಕೊಳ್ಳಬೇಕು. ಹಿಂದಿನವರು ರಾತ್ರಿ ಗಾಡಿ ಕಟ್ಟಿದರೆ ಅಡಿಯಲ್ಲಿ ಒಂದು ಲಾಟೀನು ತೂಗುಹಾಕುತ್ತಿದ್ದರು. ಎತ್ತಿಗೆ ದಾರಿ ತೋರಿಸುವುದಕ್ಕಿಂತ ಬೇರೆಯವರಿಗೆ ಗಾಡಿ ತೋರಿಸುವುದಕ್ಕೆ ಅದು. ನಮ್ಮ ತಂದೆಯವರ ಕಾಲದಲ್ಲಿ ಸೈಕಲ್ಲಿಗೆ ಡೈನಮೋ ಇಲ್ಲದೆ ಕತ್ತಲಲ್ಲಿ ಪೇಟೆಗೆ ಹೋದರೆ ಪೊಲೀಸರು ಗಾಳಿ ಬಿಟ್ಟು ಕಳಿಸುತ್ತಿದ್ದರಂತೆ. ಈಗ ಅದನ್ನು ಕೇಳುವವರೂ ಇಲ್ಲ, ದೀಪ ಹಾಕುವವರೂ ಇಲ್ಲ. ಚಳಿಗಾಲದ ಮುಂಜಾನೆ ಮಂಜಿನಲ್ಲಿ ಕರೀ ಕಂಬಳಿ ಹೊದ್ದು, ಕರೀ ಸೈಕಲ್ಲಿನಲ್ಲಿ, ಕರೀ ಡಾಂಬರಿನ ಮೇಲೆ ಬಂದರೆ ಎಂಥ ಒಳ್ಳೆ ಡ್ರೈವರಿಗೂ ಕಾಣುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರು, ಮೈ ಮೇಲೆ ಒಂದು ಬಿಳೀ ಬಟ್ಟೆ, ಇಷ್ಟು ನಮ್ಮ ಕೈಯಲ್ಲೇ ಇದೆ.

ಕಬ್ಬಿನ ಟ್ರ್ಯಾಕ್ಟರಿನವರನ್ನೂ ಬಿಡುವ ಹಾಗಿಲ್ಲ. ಎರಡೆರಡು ಟ್ರೈಲರು ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಪಂಚರಾದರೆ ರಸ್ತೆ ಮಧ್ಯಕ್ಕೇ ಬಿಟ್ಟು ಊಟಕ್ಕೆ ಹೋಗುವವರು ಇದ್ದಾರೆ. ಇನ್ನು ಒಕ್ಕಣೆ. ಹುರುಳಿ, ರಾಗಿ ತೆನೆಯನ್ನು ಡಾಂಬರಿನ ಮೇಲೆ ಹರಡಿ ಗಾಡಿಗಳ ಕೈಯಲ್ಲಿ ತುಳಿಸುವುದು ನಮ್ಮ ಕಡೆ ಪದ್ಧತಿಯೇ ಆಗಿಹೋಗಿದೆ. ಕಣ ಮಾಡುವ ಕಷ್ಟ, ಕೂಲಿಯವರು ಸಿಗದ ಕಷ್ಟ ನನಗೂ ಗೊತ್ತು. ಆದರೆ ಎರಡು ಚಕ್ರದವರು ಅದರ ಮೇಲೆ ಬ್ರೇಕು ಹಿಡಿದರೆ ಜಾರಿ ಬೀಳುತ್ತಾರೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬಿಸಿಗೆ ಬೆಂಕಿ ಹತ್ತಿ ಕಾರೇ ಸುಟ್ಟುಹೋದದ್ದೂ ಪೇಪರಿನಲ್ಲಿ ಬಂದಿದೆ. ಬೇರೆಯವರ ಗಾಡಿಯಿಂದ ನಮ್ಮ ಕಾಳು ಬಿಡಿಸಿಕೊಂಡು, ಅವರು ಬಿದ್ದರೆ ನೋಡಿಕೊಂಡು ಓಡಿಸಬಾರದೇ ಅನ್ನುವುದು ಸರಿಯಲ್ಲ. ಈ ಮಾತಿಗೆ ಕೆಲವರು ಸಿಟ್ಟಾಗಬಹುದು. ಆದರೂ ಹೇಳಲೇಬೇಕಾಗಿತ್ತು.

2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಶುರುವಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲು, ಎತ್ತಿನ ಗಾಡಿ ಬರಬಾರದು ಅಂತ ಮಾಡಿದರು. ನೂರು ಕಿ.ಮೀ. ವೇಗದಲ್ಲಿ ಓಡುವ ಜಾಗದಲ್ಲಿ ಹಾಲಿನ ಸೈಕಲ್ಲಿಗೆ ಕೆಲಸವಿಲ್ಲ, ಒಪ್ಪೋಣ. ಆದರೆ ಅಲ್ಲಿಂದ ಇಳಿಸಿದ ಎಲ್ಲ ಗಾಡಿಯೂ ಸರ್ವಿಸ್ ರಸ್ತೆಗೆ ಬಿತ್ತು. ಟೋಲು ಉಳಿಸುವ ಕಾರು ಲಾರಿಗಳೂ ಅಲ್ಲಿಗೇ ಬಂದವು. ಈಗ ಮಂಡ್ಯ ಕಡೆಗೆ ಹೋಗಬೇಕಾದರೆ ನಮ್ಮ ಮಕ್ಕಳ ಸೈಕಲ್ಲು, ಬಸ್ಸು, ಟಿಪ್ಪರು ಎಲ್ಲ ಅಲ್ಲೇ ಒತ್ತಾಡಿಕೊಂಡು ಹೋಗಬೇಕು. ಹೆದ್ದಾರಿಯ ವೇಗವನ್ನು ಕಾಲಿನಲ್ಲಿ ಇಟ್ಟುಕೊಂಡೇ ಕೆಳಗೆ ಇಳಿಯುವವರು ಬಹಳ. ಇಳಿದ ಮೇಲೆ ಇದು ಊರಿನ ರಸ್ತೆ ಅನ್ನುವುದನ್ನು ಅವರ ಕಾಲಿಗೆ ಯಾರು ಹೇಳಬೇಕು?

ಭಾನುವಾರ ಬೆಳಿಗ್ಗೆ ಈ ರಸ್ತೆಯಲ್ಲಿ ಪೇಟೆಯಿಂದ ಸೈಕಲ್ ಸವಾರರು ಬರುವುದನ್ನು ನೋಡಿರುತ್ತೀರಿ. ತಲೆಗೆ ಹೆಲ್ಮೆಟ್, ಮಿಣುಕು ದೀಪ, ಬಣ್ಣದ ಅಂಗಿ, ಲಕ್ಷ ರೂಪಾಯಿ ಸೈಕಲ್ಲು. ಅವರನ್ನು ಕಂಡರೆ ಕಾರಿನವರು ದೂರ ಸರಿದು, ಕೆಲವರು ಕೈ ಬೀಸಿಯೂ ಹೋಗುತ್ತಾರೆ. ಒಳ್ಳೆಯದು, ಹಾಗೇ ಹೋಗಬೇಕು. ಅವರ ಹಿಂದೆಯೇ ನಮ್ಮವರೊಬ್ಬರು ಹಳೇ ಅಟ್ಲಾಸ್ ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಬಂದರೆ ಅದೇ ಕಾರಿನಿಂದ "ಹೋಗಯ್ಯ ಪಕ್ಕಕ್ಕೆ" ಅನ್ನುವ ಮಾತು ಬರುತ್ತದೆ. ವ್ಯಾಯಾಮಕ್ಕೆ ತುಳಿಯುವವರಿಗೆ ಸಿಗುವ ಜಾಗ ಹೊಟ್ಟೆಪಾಡಿಗೆ ತುಳಿಯುವವರಿಗೂ ಸಿಗಬೇಕು. ಪೇಟೆಯವರಷ್ಟೇ ಹೀಗೆ ಅಂದುಕೊಳ್ಳಬೇಡಿ. ನಮ್ಮೂರಿನಲ್ಲೇ, ಅಪ್ಪ ಸೈಕಲ್ಲಿನಲ್ಲಿ ಹಾಲು ಹಾಕಿ ಓದಿಸಿದ ಹುಡುಗರು ಈಗ ಕಾರು ತಂದು ಚಿಕ್ಕಪ್ಪ, ದೊಡ್ಡಪ್ಪಂದಿರ ಬೆನ್ನ ಹಿಂದೆ ಹಾರ್ನ್ ಒತ್ತುತ್ತಾರೆ. ಮನೆಯೊಳಗೆ ಕಂಡರೆ ಎದ್ದು ನಿಲ್ಲುತ್ತಾರೆ, ರಸ್ತೆಯಲ್ಲಿ ಕಂಡರೆ ಗುರುತೇ ಇಲ್ಲ. ಗಾಜು ಏರಿಸಿದರೆ ನೆಂಟಸ್ತನವೂ ಆಚೆ ಉಳಿಯುತ್ತದೋ ಏನೋ.

ಇನ್ನೊಂದು ಮಾತು, ಇದನ್ನು ಹೆಂಗಸರೂ ತಿಳಿದುಕೊಳ್ಳಬೇಕು. ಯಾರಾದರೂ ಬಿದ್ದಿದ್ದರೆ ಎತ್ತಿ ಆಸ್ಪತ್ರೆಗೆ ಸೇರಿಸಲು ಹೆದರಬೇಡಿ. 2019ರ ತಿದ್ದುಪಡಿಯಲ್ಲಿ 134ಎ ಅನ್ನುವ ಕಲಮು ಸೇರಿದೆ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ, ಹೆಸರು ಹೇಳಿ ಅಂತ ಬಲವಂತ ಮಾಡುವ ಹಾಗೂ ಇಲ್ಲ. 2025ರ ಮೇ ತಿಂಗಳಿಂದ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದ ತನಕ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ, ಮುಂಗಡ ದುಡ್ಡು ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆಯನ್ನೂ ಕೇಂದ್ರದವರು ತಂದಿದ್ದಾರೆ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಜೊತೆಯಲ್ಲಿರಿ.

ಮಾತು ಉದ್ದವಾಯಿತು, ಹಾಲಿನ ಲಾರಿ ಬರುವ ಹೊತ್ತೂ ಆಯಿತು. ಆಡಳಿತ ಮಂಡಳಿಯ ಮುಂದೆ ಎರಡು ಸಲಹೆ ಇಡುತ್ತೇನೆ. ಬೆಳ್ಳಿಹಬ್ಬದ ಉಡುಗೊರೆಯಾಗಿ ಪ್ರತಿ ಸದಸ್ಯರಿಗೂ ಸ್ಟೀಲ್ ಡಬ್ಬಿ ಕೊಡುವುದು ಅಂತ ತೀರ್ಮಾನವಾಗಿದೆ, ಸಂತೋಷ. ಅದರ ಜೊತೆಗೆ ಎರಡು ಕೆಂಪು ರಿಫ್ಲೆಕ್ಟರ್ ಪಟ್ಟಿ ಕೊಟ್ಟರೆ ಒಂದನ್ನು ಸೈಕಲ್ಲಿನ ಹಿಂದಕ್ಕೆ, ಇನ್ನೊಂದನ್ನು ಕ್ಯಾನಿಗೆ ಅಂಟಿಸಬಹುದು. ಎರಡನೆಯದು, ನಮ್ಮ ಡೈರಿ ಮುಂದಿನ ತಿರುವಿನಲ್ಲಿ ರಸ್ತೆಗೆ ಅಂಟಿಸಿ ಬೈಕು ನಿಲ್ಲಿಸುವುದನ್ನು ಇವತ್ತು ಸಂಜೆಯಿಂದಲೇ ಬಿಡೋಣ. ಒಳಗೆ ಹುಣಸೆ ಮರದ ಕೆಳಗೆ ಬೇಕಾದಷ್ಟು ಜಾಗ ಇದೆ. ಕೈ ಮುರಿದುಕೊಂಡಿದ್ದ ನಮ್ಮ ಹಿರಿಯರು ಮತ್ತೆ ಸೈಕಲ್ಲು ಹತ್ತಿದ್ದಾರೆ, ಅಗೋ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಮೊದಲ ಪಟ್ಟಿ ಅವರ ಸೈಕಲ್ಲಿಗೇ ಅಂಟಿಸಬೇಕು ಅಂತ ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ.